ಹೊಸ ಅಲಾಯ್ ನಿಮ್ಮ ಕಾರಿಗೆ ಸರಿಯಾಗಿ ಕೂರುತ್ತದೆಯೇ? ದುಡ್ಡು ಕೊಡುವ ಮುಂಚೆ ಅಳೆದು ನೋಡುವ ಬಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಗೋಡೆಗೆ ನೇತುಹಾಕಿದ ಅಲಾಯ್ ಚಕ್ರ ತೋರಿಸಿ ‘ಇದು ನಮ್ಮ ಗಾಡಿಗೆ ಬರುತ್ತಾ?’ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕೂರುತ್ತೆ ಸಾರ್’. ಆ ಮಾತು ಸುಳ್ಳೇನಲ್ಲ. ನಾಲ್ಕು ತೂತು, ನಟ್ಟು ಹಾಕಲು ಕಾರಿನಿಂದ ಚಾಚಿರುವ ನಾಲ್ಕು ಸ್ಟಡ್‌ಗೆ ಹೊಂದಿದರೆ ಚಕ್ರ ಕೂರುತ್ತದೆ, ನಟ್ಟೂ ಬಿಗಿಯಾಗುತ್ತದೆ, ಕಾರು ಅಂಗಡಿಯಿಂದ ಹೊರಗೂ ಹೋಗುತ್ತದೆ. ಆದರೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುತ್ತದೆಯೇ, ಹಿಂದೆ ಮೂವರು ಕೂತು ಹಂಪ್ ದಾಟುವಾಗ ಮಡ್‌ಗಾರ್ಡಿನ ಅಂಚಿಗೆ ತಾಗುತ್ತದೆಯೇ, 90 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆಯೇ, ಇವಕ್ಕೆ ‘ಕೂರುತ್ತೆ’ ಅನ್ನುವುದು ಉತ್ತರವಾಗುವುದಿಲ್ಲ. ಇವೆಲ್ಲ ಅಂಕಿಗಳಲ್ಲಿ ತೀರ್ಮಾನವಾಗುವ ವಿಷಯಗಳು. ಅಂಕಿಗಳೂ ಬಹಳವಿಲ್ಲ: ಪಿಸಿಡಿ, ನಡುವಿನ ತೂತಿನ ಅಳತೆ, ರಿಮ್‌ನ ಅಗಲ, ಆಫ್‌ಸೆಟ್, ಟೈರಿನ ಒಟ್ಟು ಎತ್ತರ, ನಟ್ಟಿನ ಜಾತಿ, ಭಾರದ ಮಿತಿ. ಇವು ಗೊತ್ತಿದ್ದರೆ ಅಂಗಡಿಗೆ ಹೋಗುವ ಮುಂಚೆಯೇ ಮುಕ್ಕಾಲು ಪಾಲು ನಿರ್ಧಾರ ಆಗಿಹೋಗಿರುತ್ತದೆ.

ಮೊದಲು ಮನೆಯಲ್ಲಿ, ನಿಮ್ಮ ಕಾರಿನ ಪಕ್ಕದಲ್ಲಿ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಗಾಳಿಯ ಒತ್ತಡದ ಸ್ಟಿಕರ್ ಇರುತ್ತದೆ. ಕಂಪನಿ ಒಪ್ಪಿರುವ ಟೈರ್ ಅಳತೆಗಳು ಅಲ್ಲೇ ಬರೆದಿರುತ್ತವೆ. ನಿಮ್ಮದು ಕೆಳಗಿನ ಮಾದರಿಯಾಗಿದ್ದರೆ ಮೇಲಿನ ಮಾದರಿಗೆ ಬರುವ ಅಳತೆಯನ್ನೂ ಕಾರಿನ ಕೈಪಿಡಿಯಲ್ಲಿ ಹುಡುಕಿ. ಬಲೆನೊ ಕಾರಿಗೆ 185/65 ಆರ್15 ಟೈರೂ ಬಂದಿದೆ, 195/55 ಆರ್16 ಟೈರೂ ಬಂದಿದೆ. ಹೀಗೆ ಕಂಪನಿಯೇ ಎರಡು ಅಳತೆ ಕೊಟ್ಟಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ರಿಮ್‌ನ ಅಂಕಿಗಳು ರಿಮ್‌ನ ಮೇಲೆಯೇ ಇರುತ್ತವೆ, ಆದರೆ ಕಾಣದ ಕಡೆ. ಸ್ಟೆಪ್ನಿಯನ್ನು ಡಿಕ್ಕಿಯಿಂದ ತೆಗೆದು ಹಿಂಬದಿ ನೋಡಿ. ಸ್ಟೀಲ್ ರಿಮ್‌ ಆದರೆ ಗಾಳಿತೂತಿನ ಹತ್ತಿರ, ಅಲಾಯ್ ಆದರೆ ಕಡ್ಡಿಗಳ ಹಿಂಬದಿಯಲ್ಲಿ ‘15×6ಜೆ, ಇಟಿ45’ ಅನ್ನುವ ರೀತಿಯ ಬರಹ ಅಚ್ಚಾಗಿರುತ್ತದೆ. 15 ಅಂದರೆ ಇಂಚಿನಲ್ಲಿ ವ್ಯಾಸ, 6 ಅಂದರೆ ಇಂಚಿನಲ್ಲಿ ಅಗಲ, ಜೆ ಅನ್ನುವುದು ಅಂಚಿನ ಆಕಾರ, ಇಟಿ45 ಅಂದರೆ ಆಫ್‌ಸೆಟ್ 45 ಮಿ.ಮೀ. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಬೇರೆ ಅಳತೆಯದ್ದು, ಅದರ ಅಂಕಿಯನ್ನೇ ನಂಬಿ ಕೂರಬೇಡಿ. ಓಡುವ ನಾಲ್ಕು ಚಕ್ರಗಳಲ್ಲಿ ಒಂದನ್ನಾದರೂ ಬಿಚ್ಚಿ ನೋಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಸ್ಟೀಲ್ ಸ್ಕೇಲು, ಸೊಟ್ಟಗಿಲ್ಲದ ಒಂದು ಮರದ ಪಟ್ಟಿ, ದಾರ, ಒಂದು ಹಳೇ ನಟ್ಟು, ಪೆನ್ಸಿಲ್, ಟಾರ್ಚು, ನಿಂಬೆಹಣ್ಣಿನ ಗಾತ್ರದ ಚಪಾತಿ ಹಿಟ್ಟು. ಹಿಟ್ಟು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಕಾರಿನ ಕೆಳಗೆ ಕೈ ಹಾಕುವ ಕೆಲಸವಾದ್ದರಿಂದ ಒಂದು ಮಾತು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಡಿ, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಆಮೇಲೆ ಜಾಕಿ ಹಾಕಿ. ಕಾರಿನ ಜೊತೆ ಬಂದ ಜಾಕಿಯೊಂದನ್ನೇ ನಂಬಿ ಚಕ್ರವಿಲ್ಲದ ಕಾರಿನ ಅಡಿ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಪರಿಚಯದ ಟೈರ್ ಅಂಗಡಿಯ ಲಿಫ್ಟಿನ ಮೇಲೆ ಅಳೆದುಕೊಳ್ಳಿ.

ಪಿಸಿಡಿ: ಒಂದೆರಡು ಮಿಲಿಮೀಟರ್ ಕೂಡ ದೊಡ್ಡದೇ

ಸ್ಟಡ್‌ಗಳ ನಡುಬಿಂದುಗಳನ್ನು ಹಾಯ್ದು ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಪಿಸಿಡಿ. ಸ್ವಿಫ್ಟ್, ಬಲೆನೊ, ಐ20 ಇವು 4×100, ಅಂದರೆ ನಾಲ್ಕು ತೂತು, ಪಿಸಿಡಿ 100 ಮಿ.ಮೀ. ಬ್ರೆಝಾ, ಕ್ರೆಟಾ, ಇನ್ನೋವಾ ಕ್ರಿಸ್ಟಾ 5×114.3. ಪೋಲೊ 5×100. ಇಕೋಸ್ಪೋರ್ಟ್ 4×108. ಜಿಮ್ನಿ 5×139.7, ಫಾರ್ಚೂನರ್ 6×139.7.

ನಾಲ್ಕು ತೂತಿನ ಚಕ್ರದಲ್ಲಿ ಅಳೆಯುವುದು ಸುಲಭ. ಎದುರು ಬದುರು ತೂತುಗಳ ನಡುವಿನಿಂದ ನಡುವಿಗೆ ಎಷ್ಟೋ ಅಷ್ಟೇ. ಆರು ತೂತಿಗೂ ಹಾಗೆಯೇ. ಐದು ತೂತಿನಲ್ಲಿ ಎದುರಿಗೆ ತೂತು ಇರುವುದಿಲ್ಲವಲ್ಲ, ಅಲ್ಲಿ ಅಕ್ಕಪಕ್ಕದ ಎರಡು ಸ್ಟಡ್‌ಗಳ ನಡುವಿನಿಂದ ನಡುವಿಗೆ ಅಳೆದು 1.701ರಿಂದ ಗುಣಿಸಬೇಕು. 58.8 ಮಿ.ಮೀ. ಬಂದರೆ ಪಿಸಿಡಿ 100, 63.5 ಬಂದರೆ 108, 65.8 ಬಂದರೆ 112, 67.2 ಬಂದರೆ 114.3. ನಡುಬಿಂದು ಕಣ್ಣಂದಾಜಿನಲ್ಲಿ ಸಿಗುವುದಿಲ್ಲ. ಒಂದು ಸ್ಟಡ್‌ನ ಎಡ ಅಂಚಿನಿಂದ ಪಕ್ಕದ ಸ್ಟಡ್‌ನ ಎಡ ಅಂಚಿಗೆ ವರ್ನಿಯರ್ ಹಿಡಿದರೆ ಅದೇ ದೂರ ಸಿಗುತ್ತದೆ.

112ಕ್ಕೂ 114.3ಕ್ಕೂ ಇಲ್ಲಿ ಬರುವ ವ್ಯತ್ಯಾಸ ಬರೀ 1.4 ಮಿ.ಮೀ. ಸ್ಕೇಲಿನಲ್ಲಿ ಅಳೆದವರು ಮೋಸಹೋಗುವುದು ಇಲ್ಲೇ. 4×98 ಮತ್ತು 4×100 ಇನ್ನೊಂದು ಅಪಾಯದ ಜೋಡಿ. ಹಳೇ ಪಾಲಿಯೊ 4×98. ಅದಕ್ಕೆ 4×100 ಚಕ್ರ ಒತ್ತಿದರೆ ಒಳಗೆ ಹೋಗಿಬಿಡುತ್ತದೆ, ಪ್ರತಿ ಸ್ಟಡ್ ಬರೀ 1 ಮಿ.ಮೀ. ಓರೆಯಾಗಿರುತ್ತದೆ. ನಟ್ಟಿನ ಶಂಕುವಿನಾಕಾರದ ಮೂತಿ ತೂತಿನ ಒಂದೇ ಪಕ್ಕಕ್ಕೆ ಒತ್ತುತ್ತದೆ, ಪೂರ್ತಿ ಸುತ್ತ ಕೂರುವುದಿಲ್ಲ. ಬಿಗಿಯಾದಂತೆ ಅನ್ನಿಸಿದರೂ ಓಡುತ್ತ ಓಡುತ್ತ ಸಡಿಲವಾಗುತ್ತದೆ, ಸ್ಟಡ್ ಬಾಗಿ ದಣಿದು ಒಂದು ದಿನ ಮುರಿಯುತ್ತದೆ. ಆ ದಿನ ಕಾರು ನಿಂತಿರುವಾಗಲೇ ಬರುತ್ತದೆ ಅಂತ ಯಾರೂ ಹೇಳಲಾರರು.

ಎಂಟು ತೂತಿನ ಅಲಾಯ್‌ಗಳೂ ಮಾರುಕಟ್ಟೆಯಲ್ಲಿವೆ, 4×100 ಮತ್ತು 4×108 ಎರಡಕ್ಕೂ ಆಗುವಂಥವು. ಇವುಗಳಲ್ಲಿ ತಪ್ಪೇನಿಲ್ಲ, ಆದರೆ ಎರಡು ಗುಂಪಿನ ತೂತುಗಳ ನಡುವೆ ಸಾಕಷ್ಟು ಲೋಹ ಉಳಿದಿದೆಯೇ ನೋಡಿ. ತೂತನ್ನು ಉದ್ದುದ್ದವಾಗಿ ಕೊರೆದು ಹೊಂದಿಸಿದ ಚಕ್ರ, ಹಳೇ ತೂತು ಮುಚ್ಚಿ ಪಕ್ಕದಲ್ಲಿ ಹೊಸದು ಕೊರೆದ ಚಕ್ರ, ಇವನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ನಡುವಿನ ತೂತು

ಚಕ್ರ ಒರಗಿ ಕೂರುವ ಕಾರಿನ ಭಾಗವೇ ಹಬ್. ಅದರ ನಡುವೆ ಉಬ್ಬಿಕೊಂಡಿರುವ ದುಂಡನೆಯ ಭಾಗ ಚಕ್ರದ ನಡುತೂತಿನೊಳಗೆ ಬಿಗಿಯಾಗಿ ಕೂರಬೇಕು. ಚಕ್ರವನ್ನು ನಟ್ಟನಡುವೆ ಹಿಡಿದಿಡುವುದು ಅದೇ. ವರ್ನಿಯರ್‌ನಲ್ಲಿ ಹಬ್‌ನ ಹೊರವ್ಯಾಸ ಅಳೆಯಿರಿ. ತುಕ್ಕು ಇದ್ದರೆ ವೈರ್ ಬ್ರಷ್‌ನಿಂದ ಉಜ್ಜಿ ಆಮೇಲೆ ಅಳೆಯಿರಿ. ಸ್ವಿಫ್ಟ್ ಮತ್ತು ಐ20ಗೆ 54.1 ಮಿ.ಮೀ., 4×100 ಇರುವ ಹೋಂಡಾಗಳಿಗೆ 56.1, ಪೋಲೊಗೆ 57.1, ಬ್ರೆಝಾಗೆ 60.1, ಇಕೋಸ್ಪೋರ್ಟ್‌ಗೆ 63.4, ಕ್ರೆಟಾಗೆ 67.1.

ಬ್ರೆಝಾ, ಕ್ರೆಟಾ ಎರಡಕ್ಕೂ ಪಿಸಿಡಿ ಒಂದೇ. ಆದರೂ ಬ್ರೆಝಾದ ಮೂಲ ಚಕ್ರ ಕ್ರೆಟಾದ ಹಬ್ಬಿಗೆ ಏರುವುದೇ ಇಲ್ಲ. ತಿರುಗಾಮುರುಗಾ ಮಾಡಿದರೆ ಏರುತ್ತದೆ, ಆದರೆ ಸುತ್ತಲೂ 3.5 ಮಿ.ಮೀ. ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಚಕ್ರ ಒಂದಿಷ್ಟು ಕೆಳಗೆ ಜಾರಿದ ಹಾಗೇ ನಟ್ಟು ಬಿಗಿಯಾಗಿಬಿಟ್ಟರೆ 80ರಿಂದ 100 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ, ಯಾಕೆಂದರೆ ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ಅದರ ನಡುತೂತಿನಿಂದಲೇ ಹಿಡಿಯುತ್ತದೆ. ಅಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅಂಗಡಿಯ ಅಲಾಯ್‌ಗಳು ಹತ್ತಾರು ಕಾರಿಗೆ ಹೊಂದಲಿ ಅಂತ ನಡುತೂತನ್ನು ದೊಡ್ಡದಾಗಿಯೇ ಇಟ್ಟಿರುತ್ತವೆ, 73.1 ಮಿ.ಮೀ. ಸಾಮಾನ್ಯ. ಸಂದು ತುಂಬಲು ಹಬ್ ರಿಂಗ್ ಬರುತ್ತದೆ. 54.1ರ ಹಬ್ಬಿಗೆ 73.1ರ ಚಕ್ರವಾದರೆ ಒಳವ್ಯಾಸ 54.1, ಹೊರವ್ಯಾಸ 73.1 ಇರುವ ರಿಂಗ್ ಬೇಕು. ಎರಡೂ ಅಂಕಿಯನ್ನು ಹೇಳಿ ಕೇಳಿ, ‘ಸ್ವಿಫ್ಟ್ ರಿಂಗ್ ಕೊಡಿ’ ಅಂದರೆ ಸಾಲದು. ಸಿಗುವ ಕಡೆ ಅಲ್ಯೂಮಿನಿಯಂ ರಿಂಗ್ ತಗೊಳ್ಳಿ, ಪ್ಲಾಸ್ಟಿಕ್ಕಿನದು ಬ್ರೇಕಿನ ಬಿಸಿಗೆ ಸೊಟ್ಟಗಾಗುವುದುಂಟು. ರಿಂಗ್ ಸಿಗದಿದ್ದರೆ ಪೀಣ್ಯದ ಕಡೆಯ ಒಳ್ಳೆ ಲೇತ್ ಅಂಗಡಿಯವರು ಅಳತೆಗೆ ತಿರುಗಿಸಿಕೊಡುತ್ತಾರೆ. ಚಕ್ರದ ನಡುತೂತು ಚಿಕ್ಕದಾಗಿದೆ, ಅದನ್ನೇ ಲೇತಿನಲ್ಲಿ ಕೊರೆಸಿಬಿಡೋಣ ಅನ್ನುವ ಆಲೋಚನೆ ಮಾತ್ರ ಬೇಡ. ಭಾರ ಹೊರುವ ಜಾಗದ ಲೋಹವನ್ನೇ ತೆಗೆದಂತಾಗುತ್ತದೆ.

ಅಗಲ ಮತ್ತು ಆಫ್‌ಸೆಟ್: ಇದೇ ಮುಖ್ಯ ಲೆಕ್ಕ

ಉಜ್ಜುವ ತೊಂದರೆ ಹುಟ್ಟುವುದು ಇಲ್ಲಿಂದ. ರಿಮ್‌ನ ಅಗಲದ ಸರಿಯಾದ ಮಧ್ಯಕ್ಕೂ ಅದು ಹಬ್ಬಿಗೆ ಒರಗಿ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಕೂರುವ ಮುಖ ಮಧ್ಯಕ್ಕಿಂತ ಹೊರಗಡೆ, ಅಂದರೆ ರಸ್ತೆ ಕಡೆಗೆ ಇದ್ದರೆ ಅಂಕಿ ಪ್ಲಸ್. ನಮ್ಮ ಸಾಧಾರಣ ಕಾರುಗಳಿಗೆಲ್ಲ ಪ್ಲಸ್ಸೇ. ಇಟಿ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ, ಹೆಚ್ಚಾದಷ್ಟೂ ಒಳಗೆ ಹೋಗುತ್ತದೆ.

ಬರೀ ಇಟಿ ನೋಡಿದರೆ ಸಾಲದು, ಅಗಲವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಸದ್ಯದ ರಿಮ್ 6ಜೆ, ಇಟಿ45 ಅನ್ನಿ. ಅಂಗಡಿಯವರು ತೋರಿಸುತ್ತಿರುವುದು 7ಜೆ, ಇಟಿ38. ಒಂದು ಇಂಚಿಗೆ 25.4 ಮಿ.ಮೀ.

ಒಳಗಡೆಗೆ: ಅಗಲದ ಅರ್ಧಕ್ಕೆ ಇಟಿ ಕೂಡಿಸಿ. ಹಳೆಯದು 76.2 + 45 = 121.2. ಹೊಸದು 88.9 + 38 = 126.9. ಅಂದರೆ ಹೊಸ ರಿಮ್ ಶಾಕ್ ಅಬ್ಸಾರ್ಬರ್ ಕಡೆಗೆ 5.7 ಮಿ.ಮೀ. ಹತ್ತಿರ.

ಹೊರಗಡೆಗೆ: ಅಗಲದ ಅರ್ಧದಿಂದ ಇಟಿ ಕಳೆಯಿರಿ. ಹಳೆಯದು 76.2 − 45 = 31.2. ಹೊಸದು 88.9 − 38 = 50.9. ಹೊಸ ರಿಮ್ 19.7 ಮಿ.ಮೀ. ಹೊರಗೆ.

ಈಗ ಕಾರಿನಲ್ಲಿ ಅಷ್ಟು ಜಾಗ ಇದೆಯೇ ನೋಡಬೇಕು. ಒಳಗಡೆಗೆ, ಈಗಿರುವ ಚಕ್ರ ಹಾಗೇ ಇರಲಿ, ಸ್ಟೇರಿಂಗನ್ನು ಒಂದು ಪಕ್ಕಕ್ಕೆ ತಿರುಗಿಸಿ, ಟಾರ್ಚು ಹಿಡಿದು ಟೈರಿನ ಒಳಗೋಡೆಗೂ ಶಾಕ್ ಅಬ್ಸಾರ್ಬರಿಗೂ ನಡುವಿನ ಸಂದಿಯಲ್ಲಿ ಪೆನ್ಸಿಲ್ ತೂರಿಸಿ. ಮಕ್ಕಳ ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ. ಒಂದು ಪೆನ್ಸಿಲ್ ಕಷ್ಟಪಟ್ಟು ಹೋಗುತ್ತದೆ ಅಂದರೆ 5.7 ಮಿ.ಮೀ. ಒಳಗೆ ಬರುವ ಚಕ್ರಕ್ಕೆ ಅಲ್ಲಿ ಜಾಗವೇ ಇಲ್ಲ. ಹೊಸ ಚಕ್ರ ಹಾಕಿದ ಮೇಲೂ ಕನಿಷ್ಠ 5 ಮಿ.ಮೀ. ಉಳಿಯಬೇಕು, ತಿರುವಿನಲ್ಲಿ ಟೈರು ಸ್ವಲ್ಪ ಹೊರಳುತ್ತದೆ. ಸ್ಪ್ರಿಂಗಿನ ಕೆಳತಟ್ಟೆ ಟೈರಿಗೆ ಎಷ್ಟು ಹತ್ತಿರ ಅನ್ನುವುದನ್ನೂ ನೋಡಿ. ಟೈರ್ ಅಗಲವಾದರೆ ಮೊದಲು ತಾಗುವುದು ಕೆಲವು ಕಾರುಗಳಲ್ಲಿ ಅದೇ.

ಹೊರಗಡೆಗೆ ದಾರದ ಉಪಾಯ. ನಟ್ಟನ್ನು ದಾರಕ್ಕೆ ಕಟ್ಟಿ, ಮಡ್‌ಗಾರ್ಡಿನ ಕಮಾನಿನ ತುದಿಯಲ್ಲಿ ಟೇಪು ಅಂಟಿಸಿ ತೂಗುಬಿಡಿ. ದಾರ ಅಲ್ಲಾಡುವುದು ನಿಂತ ಮೇಲೆ ದಾರಕ್ಕೂ ಟೈರಿನ ಹೊರಗೋಡೆಗೂ ಇರುವ ದೂರ ಅಳೆಯಿರಿ. ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಕಡೆ. ಎಡಕ್ಕೂ ಬಲಕ್ಕೂ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಇರುವುದು ಸಹಜ, ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ದೂರ 15 ಮಿ.ಮೀ. ಇದ್ದು ಹೊಸ ಚಕ್ರ 19.7 ಹೊರಗೆ ಬರುತ್ತದಾದರೆ ಟೈರು ಕಮಾನಿನಾಚೆ ನಾಲ್ಕೈದು ಮಿ.ಮೀ. ಇಣುಕುತ್ತದೆ. ಖಾಲಿ ಕಾರಿನಲ್ಲಿ ನೋಡಲು ಚೆಂದವೇ. ಹಿಂದಿನ ಸೀಟು ತುಂಬಿಸಿ ಹಂಪ್ ಮೇಲೆ ಇಳಿದಾಗ ಕಮಾನಿನ ಮಡಚಿದ ತಗಡು ಟೈರಿನ ಭುಜ ಸೀಳುತ್ತದೆ. ಮಳೆಗಾಲದಲ್ಲಿ ಕೆಸರು ಬಾಗಿಲ ಮೇಲೆಲ್ಲ ಎರಚುವುದು ಬೇರೆ.

ರಿಮ್‌ನ ಮೇಲೆ ಇಟಿ ಅಂಕಿ ಇಲ್ಲವೇ? ಟೈರಿಲ್ಲದ ರಿಮ್ ಅನ್ನು ಗೋಣಿಚೀಲದ ಮೇಲೆ ಮುಖ ಕೆಳಗಾಗಿ ಇಡಿ. ಹಿಂಬದಿಯ ಅಂಚಿನಿಂದ ಅಂಚಿಗೆ ಮರದ ಪಟ್ಟಿ ಅಡ್ಡ ಇಟ್ಟು, ಪಟ್ಟಿಯ ಅಡಿಯಿಂದ ಹಬ್ ಕೂರುವ ಮುಖದವರೆಗೆ ಆಳ ಅಳೆಯಿರಿ. ಆಮೇಲೆ ರಿಮ್‌ನ ಒಟ್ಟು ಅಗಲ, ಹೊರ ಅಂಚಿನಿಂದ ಹೊರ ಅಂಚಿಗೆ. ಇದು ಹೇಳುವ ಅಗಲಕ್ಕಿಂತ ಸುಮಾರು ಒಂದು ಇಂಚು ಹೆಚ್ಚಿರುತ್ತದೆ, ಯಾಕೆಂದರೆ 6ಜೆ ಅನ್ನುವುದು ಟೈರ್ ಕೂರುವ ಜಾಗದ ಅಗಲ ಮಾತ್ರ. ಆಳದಿಂದ ಒಟ್ಟು ಅಗಲದ ಅರ್ಧ ಕಳೆದರೆ ಇಟಿ. ಒಟ್ಟು ಅಗಲ 178, ಆಳ 134 ಬಂದರೆ 134 − 89 = 45.

ಚಕ್ರ ಒಳಗೆ ತಾಗುತ್ತದೆ ಅಂದಾಗ ಅಂಗಡಿಯಲ್ಲಿ ಕೇಳಿಬರುವ ಪರಿಹಾರ ಸ್ಪೇಸರ್. ಹಬ್ಬಿಗೂ ಚಕ್ರಕ್ಕೂ ನಡುವೆ ಬರೀ ಒಂದು ಬಿಲ್ಲೆ ತೂರಿಸುವ ಸ್ಪೇಸರ್ ಹಾಕಿದರೆ ಹಬ್‌ನ ಉಬ್ಬು ಚಕ್ರಕ್ಕೆ ಸಿಗುವುದು ಕಡಿಮೆಯಾಗುತ್ತದೆ, ನಟ್ಟಿಗೆ ಸಿಗುವ ಸ್ಟಡ್‌ನ ದಾರವೂ (ಥ್ರೆಡ್) ಕಡಿಮೆಯಾಗುತ್ತದೆ. ಒಂದು ತಪ್ಪು ಅಳತೆ ಮುಚ್ಚಲು ಎರಡು ಹೊಸ ತೊಂದರೆ. ಸರಿಯಾದ ಇಟಿ ಇರುವ ಬೇರೆ ಚಕ್ರ ಹುಡುಕುವುದೇ ಅಗ್ಗ.

ಟೈರ್ ಬದಲಾದರೆ ಎತ್ತರ ಬದಲಾಗಬಾರದು

185/65 ಆರ್15ರಲ್ಲಿ 185 ಮಿ.ಮೀ. ಅಗಲ, ಪಕ್ಕದ ಗೋಡೆ ಅದರ ಶೇ 65, ಅಂದರೆ ಸುಮಾರು 120 ಮಿ.ಮೀ. ಎರಡು ಗೋಡೆ ಸೇರಿ 240.5, ರಿಮ್ 15 × 25.4 = 381, ಒಟ್ಟು 621.5 ಮಿ.ಮೀ. ಇದಕ್ಕೆ ಬದಲು 195/55 ಆರ್16 ಹಾಕಿದರೆ 620.9. ಕೂದಲೆಳೆಯ ವ್ಯತ್ಯಾಸ. 205/45 ಆರ್17 ಹಾಕಿದರೆ 616.3, ಶೇ 0.8 ಕಡಿಮೆ, ಅದೂ ಸರಿಯೇ. ಆದರೆ 195/60 ಆರ್16 ಹಾಕಿದರೆ 640.4 ಆಗುತ್ತದೆ, ಶೇ 3 ಹೆಚ್ಚು. ಅಲ್ಲಿಗೆ ನಿಲ್ಲಿಸಬೇಕು. ಶೇ 2ರೊಳಗೆ ಇದ್ದರೆ ನೆಮ್ಮದಿ, 3 ಕೊನೆಯ ಗೆರೆ. ಎತ್ತರ ಹೆಚ್ಚಿದರೆ ಕಮಾನಿನ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುವುದು ಒಂದು ಕಡೆ, ಸ್ಪೀಡೋಮೀಟರ್ ಇನ್ನೊಂದು ಕಡೆ. ಕಂಪನಿ ಮೀಟರನ್ನು ನಿಜ ವೇಗಕ್ಕಿಂತ ತುಸು ಹೆಚ್ಚು ತೋರಿಸುವಂತೆ ಇಟ್ಟಿರುತ್ತದೆ, ದೊಡ್ಡ ಟೈರು ಆ ಅಂತರವನ್ನು ತಿಂದುಹಾಕುತ್ತದೆ. 100ರ ಮಿತಿ, ಕ್ಯಾಮೆರಾ ಎರಡೂ ಇರುವ ಮೈಸೂರು ಹೆದ್ದಾರಿಯಲ್ಲಿ ಅದು ನೆನಪಿರಬೇಕು.

ಲೆಕ್ಕಕ್ಕೆ ಸರಿಬಂದರೂ 205/45 ಆರ್17ರ ಪಕ್ಕದ ಗೋಡೆ ಬರೀ 92 ಮಿ.ಮೀ. ಮೂಲ ಟೈರಿನದು 120 ಇತ್ತು. ಬೆಂಗಳೂರಿನ ರಸ್ತೆಯಲ್ಲಿ ಈ 28 ಮಿ.ಮೀ. ದೊಡ್ಡ ಮಾತು. ಪೈಪ್ ಹಾಕಲು ಅಗೆದು ಅರೆಬರೆ ಮುಚ್ಚಿದ ಗುಂಡಿಯ ಚೂಪು ಅಂಚಿಗೆ ಚಕ್ರ ಬಡಿದಾಗ ಟೈರಿನ ಗೋಡೆ ರಿಮ್‌ಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಗೋಡೆಯಲ್ಲಿ ಗುಳ್ಳೆ ಎದ್ದರೆ ಅದು ಇದೇ ಗಾಯ. ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ, ಟೈರೇ ಬದಲಾಗಬೇಕು. ರಿಮ್‌ನ ಒಳ ಅಂಚೂ ಬಾಗುತ್ತದೆ. ದಿನಾ ಊರೊಳಗೆ ಓಡಿಸುವ ಕಾರಿಗೆ ಕಂಪನಿ ಕೊಟ್ಟದ್ದಕ್ಕಿಂತ ಒಂದು ಇಂಚು ಹೆಚ್ಚಿಸುವುದೇ ಮೇಲ್ಮಿತಿ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಗೋಡೆ 100 ಮಿ.ಮೀ.ಗಿಂತ ಕೆಳಗೆ ಹೋಗದಿರಲಿ.

ಟೈರಿನ ಅಗಲಕ್ಕೆ ರಿಮ್‌ನ ಅಗಲವೂ ಹೊಂದಬೇಕು. 185/65ಕ್ಕೆ 5ರಿಂದ 6.5ಜೆ, 195/55ಕ್ಕೆ 5.5ರಿಂದ 7ಜೆ. ಅಗಲದ ರಿಮ್‌ಗೆ ಸಣ್ಣ ಟೈರನ್ನು ಎಳೆದು ಕೂರಿಸಿದರೆ ರಿಮ್‌ನ ಅಂಚು ಟೈರಿಗಿಂತ ಹೊರಗೆ ಬಂದು ಮೊದಲ ಫುಟ್‌ಪಾತ್ ಕಲ್ಲಿಗೇ ಕೆರೆಯುತ್ತದೆ. ಟೈರಿನ ಅಳತೆಯ ನಂತರ ಬರೆದಿರುವ ಭಾರದ ಅಂಕಿ ಮೂಲಕ್ಕಿಂತ ಕೆಳಗಿಳಿಯಬಾರದು. 88 ಅಂದರೆ ಒಂದು ಟೈರಿಗೆ 560 ಕೆ.ಜಿ., 87 ಅಂದರೆ 545, 84 ಅಂದರೆ 500.

ರಿಮ್‌ಗೂ ಭಾರದ ಮಿತಿ ಇದೆ, ಇದನ್ನು ಕೇಳುವವರೇ ಕಡಿಮೆ. ಒಳ್ಳೆ ರಿಮ್‌ನ ಹಿಂಬದಿ ಕೆ.ಜಿ.ಯಲ್ಲಿ ಗರಿಷ್ಠ ಭಾರ ಅಚ್ಚಾಗಿರುತ್ತದೆ. ಕಾರಿನ ಒಟ್ಟು ಅನುಮತಿಸಿದ ಭಾರವನ್ನು ನಾಲ್ಕರಿಂದ ಭಾಗಿಸಿ ಅದಕ್ಕೆ ಕಾಲುಭಾಗ ಸೇರಿಸಿ, ಯಾಕೆಂದರೆ ನಾಲ್ಕು ಚಕ್ರದ ಮೇಲೂ ಭಾರ ಸಮನಾಗಿ ಬೀಳುವುದಿಲ್ಲ. ಒಟ್ಟು 1,400 ಕೆ.ಜಿ. ಇರುವ ಕಾರಿಗೆ 350 + 87, ಅಂದರೆ ಸುಮಾರು 440 ಕೆ.ಜಿ.ಗಿಂತ ಕಡಿಮೆ ಬರೆದಿರುವ ರಿಮ್ ಬೇಡ. ಐಎಸ್‌ಐ ಗುರುತು ಅಥವಾ ಜಪಾನಿನ ಜೆಡಬ್ಲ್ಯುಎಲ್, ವಿಐಎ ಗುರುತು ಇದೆಯೇ ನೋಡಿ. ಯಾವ ಗುರುತೂ ಇಲ್ಲದ, ಭಾರವೂ ಬರೆಯದ ರಿಮ್ ಅನ್ನು ಬಣ್ಣ ಚೆನ್ನಾಗಿದೆ ಅಂತ ಕೊಳ್ಳಬೇಡಿ.

ನಟ್ಟು ಸಣ್ಣದು, ತೊಂದರೆ ದೊಡ್ಡದು

ಎರಡು ವಿಷಯ: ದಾರ (ಥ್ರೆಡ್) ಮತ್ತು ಮೂತಿ. ಸ್ವಿಫ್ಟ್‌ನ ಸ್ಟಡ್ ಎಂ12×1.25, ಅಂದರೆ 12 ಮಿ.ಮೀ. ದಪ್ಪ, ದಾರದ ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ. ಹ್ಯುಂಡೈ, ಹೋಂಡಾ, ಟೊಯೊಟಾ ಕಾರುಗಳಲ್ಲಿ ಸಾಮಾನ್ಯವಾಗಿ ಎಂ12×1.5. ಕಣ್ಣಿಗೆ ಎರಡೂ ಒಂದೇ. 1.5ರ ನಟ್ಟನ್ನು 1.25ರ ಸ್ಟಡ್‌ಗೆ ಹಾಕಿದರೆ ಒಂದೆರಡು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ‘ಸ್ವಲ್ಪ ಟೈಟ್ ಇದೆ’ ಅಂತ ಗಾಳಿ ಗನ್ ಹಿಡಿದರೆ ದಾರ ಸವೆದು ಸ್ಟಡ್ಡೇ ಹಾಳು. ಆದ್ದರಿಂದ ಪ್ರತಿ ನಟ್ಟೂ ಕೊನೆಯವರೆಗೆ ಬೆರಳಲ್ಲೇ ಸುತ್ತಿ ಹೋಗಬೇಕು. ಪೋಲೊದಂಥ ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಸ್ಟಡ್ ಇಲ್ಲ, ಎಂ14×1.5 ಬೋಲ್ಟ್. ಅಲ್ಲಿ ಹೊಸ ಚಕ್ರದ ಕೂರುವ ಭಾಗ ದಪ್ಪವಾಗಿದ್ದರೆ ಉದ್ದ ಬೋಲ್ಟ್ ಬೇಕು, ತೆಳ್ಳಗಿದ್ದರೆ ಹಳೇ ಬೋಲ್ಟ್ ಹಿಂದೆ ಚಾಚಿ ಬ್ರೇಕಿಗೆ ತಾಗಬಹುದು.

ಮೂತಿ ಮೂರು ತರಹ: 60 ಡಿಗ್ರಿಯ ಶಂಕು, ಗುಂಡು, ಚಪ್ಪಟೆ ವಾಷರ್. ಹೋಂಡಾ, ಫೋಕ್ಸ್‌ವ್ಯಾಗನ್ ಮೂಲ ಚಕ್ರಗಳಿಗೆ ಗುಂಡು ಮೂತಿ. ಅಂಗಡಿಯ ಅಲಾಯ್‌ಗಳಿಗೆ ಸಾಮಾನ್ಯವಾಗಿ ಶಂಕು. ಗುಂಡು ಮೂತಿಯ ನಟ್ಟನ್ನು ಶಂಕು ತೂತಿಗೆ ಬಿಗಿದರೆ ಎರಡೂ ತಾಗುವುದು ಒಂದು ತೆಳು ಗೆರೆಯಲ್ಲಿ ಮಾತ್ರ. ಪರೀಕ್ಷೆ ಸುಲಭ. ನಟ್ಟಿನ ಮೂತಿಗೆ ಮಾರ್ಕರ್ ಬಳಿದು ಕೈಯಲ್ಲಿ ಒತ್ತಿ ತಿರುಗಿಸಿ ತೆಗೆಯಿರಿ. ತೂತಿನೊಳಗೆ ಬಣ್ಣ ಅಗಲವಾದ ಪಟ್ಟಿಯಾಗಿ ಹತ್ತಿದ್ದರೆ ಸರಿ, ದಾರದಂತೆ ಗೆರೆ ಮೂಡಿದ್ದರೆ ನಟ್ಟು ಬದಲಿಸಿ.

ನಟ್ಟಿನೊಳಗೆ ಕನಿಷ್ಠ ಸ್ಟಡ್‌ನ ದಪ್ಪದಷ್ಟು ದಾರ ಹಿಡಿಯಬೇಕು ಅನ್ನುವುದು ಸುರಕ್ಷಿತ ಲೆಕ್ಕ. ಎಂ12×1.5ಕ್ಕೆ ಅದು 8 ಸುತ್ತು, ಎಂ12×1.25ಕ್ಕೆ ಹತ್ತಿರ ಹತ್ತಿರ 10. ಬಿಗಿಯುವಾಗ ಎಣಿಸಿ.

ಬ್ರೇಕಿಗೆ ಜಾಗ: ಚಪಾತಿ ಹಿಟ್ಟಿನ ಪರೀಕ್ಷೆ

ಒಂದೇ ಇಂಚಿನ ಎರಡು ರಿಮ್‌ಗಳು ಒಳಗೆ ಬೇರೆ ಬೇರೆ ಆಕಾರದವು. ಕಡ್ಡಿಗಳು ಒಳಕ್ಕೆ ಬಾಗಿದ್ದರೆ ಬ್ರೇಕ್ ಕ್ಯಾಲಿಪರಿಗೆ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗಕ್ಕೆ) ತಾಗಬಹುದು, ಇದನ್ನು ಯಾವ ಅಂಕಿಯೂ ಹೇಳುವುದಿಲ್ಲ. ಬ್ರೇಕು ಆರಿದ ಮೇಲೆ ಕ್ಯಾಲಿಪರಿನ ಮೇಲ್ಭಾಗದಲ್ಲೂ, ಕಡ್ಡಿಗಳಿಗೆ ಎದುರಾಗುವ ಮುಖದಲ್ಲೂ ಗೋಲಿಯಷ್ಟು ಹಿಟ್ಟು ಅಂಟಿಸಿ. ಹಿಟ್ಟು ಗಟ್ಟಿಯಾಗಿರಲಿ, ಮೇಲೆ ಎಣ್ಣೆ ಸವರಿ, ಇಲ್ಲವಾದರೆ ರಿಮ್‌ಗೆ ಹತ್ತಿಕೊಂಡು ಬರುತ್ತದೆ. ಟೈರಿಲ್ಲದ ಹೊಸ ರಿಮ್ ಕೂರಿಸಿ, ಎದುರು ಬದುರಿನ ಎರಡು ನಟ್ಟು ಕೈಯಲ್ಲಿ ಬಿಗಿದು, ಗೇರ್ ನ್ಯೂಟ್ರಲ್‌ಗೆ ತಂದು ಮೆಲ್ಲಗೆ ಒಂದು ಸುತ್ತು ತಿರುಗಿಸಿ. ರಿಮ್ ತೆಗೆದಾಗ ಹಿಟ್ಟು ಚಪ್ಪಟೆಯಾಗಿರುತ್ತದೆ. ಅತಿ ತೆಳುವಾದ ಕಡೆ ಬೆಂಕಿಕಡ್ಡಿ ಚುಚ್ಚಿ, ಉಗುರಿನಲ್ಲಿ ಗುರುತು ಹಿಡಿದು ಸ್ಕೇಲಿನ ಮೇಲಿಡಿ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಆ ರಿಮ್ ಬೇಡ. 5 ಇದ್ದರೆ ಒಳ್ಳೆಯದು, ಯಾಕೆಂದರೆ ಬ್ಯಾಲೆನ್ಸಿಂಗ್ ಮಾಡುವವರು ಒಳಗೆ ಅಂಟಿಸುವ ತೂಕದ ಪಟ್ಟಿಗೂ ಜಾಗ ಬೇಕು. ಕೆಲಸ ಮುಗಿದ ಮೇಲೆ ಹಿಟ್ಟನ್ನು ಪೂರ್ತಿ ಕೆರೆದು, ಎಣ್ಣೆ ಡಿಸ್ಕಿಗೆ ತಾಗದಂತೆ ಒರೆಸಿಬಿಡಿ.

ಗುಜರಿಯ ಚಕ್ರವಾದರೆ

ಶಿವಾಜಿನಗರದ ಗುಜರಿ ಕಡೆ ಹುಡುಕಿದರೆ ಕಂಪನಿಯ ಮೂಲ ಅಲಾಯ್‌ಗಳೇ ಸಿಗಬಹುದು. ಗುರುತು ಪರಿಚಯವಿಲ್ಲದ ಹೊಸ ರಿಮ್‌ಗಿಂತ ಅವು ಎಷ್ಟೋ ಸಲ ಮೇಲು. ಆದರೆ ಹೊಸ ಪೇಂಟ್ ಬಳಿದ ಹಳೇ ರಿಮ್ ಕಂಡರೆ ಎಚ್ಚರವಾಗಿರಿ, ಬೆಸುಗೆಯ ಗುರುತು ಪೇಂಟಿನಡಿ ಅಡಗಿರಬಹುದು. ರಿಮ್‌ನ ಒಳಗೋಡೆಯನ್ನು ಬೆರಳಿನಿಂದ ಸುತ್ತಲೂ ಸವರಿ, ಒಂದೇ ಕಡೆ ಉಬ್ಬು ಅಥವಾ ಉಜ್ಜಿದ ನಯ ಸಿಕ್ಕಿದರೆ ಅಲ್ಲಿ ರಿಪೇರಿ ಆಗಿದೆ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಟೈರಿಲ್ಲದೆ ತಿರುಗಿಸಿ, ಅಂಚಿನ ಪಕ್ಕದಲ್ಲಿ ಪೆನ್ನು ಸ್ಥಿರವಾಗಿ ಹಿಡಿದು ನೋಡಿ. ಅಂಚು 1 ಮಿ.ಮೀ.ಗಿಂತ ಹೆಚ್ಚು ಓಲಾಡಿದರೆ ಬಿಡಿ. ನಾಲ್ಕಕ್ಕೂ ಹಿಂಬದಿಯ ಅಂಕಿ ಒಂದೇ ಇದೆಯೇ ಓದಿ. ಒಂದೇ ವಿನ್ಯಾಸ, ಬೇರೆ ಇಟಿ ಇರುವ ಚಕ್ರ ಒಂದೇ ಜೋಡಿಯಲ್ಲಿ ಬಂದುಬಿಡುತ್ತದೆ.

ಹಾಕಿ ನೋಡುವ ಕ್ರಮ

ಟೈರ್ ಏರಿಸಿದ ರಿಮ್ ಅನ್ನು ಅಂಗಡಿಯವರು ವಾಪಸ್ ತಗೊಳ್ಳುವುದು ಕಷ್ಟ. ಹಾಗಾಗಿ ಮೊದಲು ಟೈರಿಲ್ಲದ ಒಂದು ರಿಮ್ ಅನ್ನು ಮುಂದೆಯೂ ಹಿಂದೆಯೂ ಹಾಕಿ ನೋಡಿ, ಇದಕ್ಕೆ ಒಪ್ಪದ ಅಂಗಡಿ ಬೇಡ. ಬಿಲ್ಲಿನಲ್ಲಿ ಪಿಸಿಡಿ, ಅಗಲ, ಇಟಿ, ನಡುತೂತು ನಾಲ್ಕನ್ನೂ ಬರೆಸಿಕೊಳ್ಳಿ.

ಆಮೇಲೆ ಒಂದಕ್ಕೆ ಮಾತ್ರ ಟೈರ್ ಏರಿಸಿ ಮುಂದೆ ಹಾಕಿ, ಕಾರು ಇಳಿಸಿ, ಸ್ಟೇರಿಂಗನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ. ಒಬ್ಬರು ಹೊರಗೆ ಟಾರ್ಚು ಹಿಡಿದು ಒಳಗಿನ ಪ್ಲಾಸ್ಟಿಕ್ ಲೈನರ್, ಮಡ್ ಫ್ಲಾಪ್, ಬ್ರೇಕ್ ಪೈಪ್ ನೋಡಲಿ. ಬಲಗಡೆ ಸರಿಯಿದ್ದರೆ ಎಡಗಡೆಯೂ ಹಾಕಿ ನೋಡಿ. ನಂತರ ಹಿಂದೆ ಹಾಕಿ, ಸೀಟಿನಲ್ಲಿ ಮೂವರನ್ನು ಕೂರಿಸಿ, ಕಮಾನಿನ ಒಳ ಅಂಚಿಗೆ ಸೀಮೆಸುಣ್ಣ ಬಳಿದು, ಹತ್ತಿರದ ಎತ್ತರದ ಹಂಪ್ ಅನ್ನು ಎರಡು ಸಲ ದಾಟಿ. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಬಿದ್ದರೆ ಉತ್ತರ ಸಿಕ್ಕಿತು.

ಕೊನೆಯ ಜೋಡಣೆಯಲ್ಲಿ ಹಬ್‌ನ ಮುಖ ಸ್ವಚ್ಛವಾಗಿರಲಿ, ತುಕ್ಕಿನ ಒಂದು ಹೊಪ್ಪಳೆ ಸಿಕ್ಕಿದರೂ ಚಕ್ರ ಓರೆ ಕೂರುತ್ತದೆ. ನಟ್ಟುಗಳನ್ನು ನಕ್ಷತ್ರದಾಕಾರದಲ್ಲಿ, ಒಂದು ಬಿಟ್ಟು ಒಂದರಂತೆ ಬಿಗಿಯಿರಿ. ಗಾಳಿ ಗನ್ ಸಾಕು ಅನ್ನುವವರಿಗೆ ಬೇಡ ಅನ್ನಿ, ಎಷ್ಟು ಬಲದಲ್ಲಿ ಬಿಗಿಯುತ್ತಿದೆ ಅಂತ ಅಳೆಯುವ ಪಾನಾ, ಅಂದರೆ ಟಾರ್ಕ್ ರೆಂಚ್ ಕೇಳಿ. ಎಷ್ಟು ಅನ್ನುವುದು ಕೈಪಿಡಿಯಲ್ಲಿರುತ್ತದೆ, ಸಣ್ಣ ಕಾರುಗಳಿಗೆ ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್, ಪೋಲೊಗೆ 120. ಟೈರಿನ ಒತ್ತಡ ತಿಳಿಸುವ ಸೆನ್ಸರ್ ಇರುವ ಕಾರಾದರೆ ಹಳೇ ರಿಮ್‌ನಿಂದ ಅದನ್ನು ಬಿಚ್ಚಿ ಹೊಸದಕ್ಕೆ ಹಾಕಿಸಲು ಮರೆಯಬೇಡಿ.

ಕಾನೂನು, ವಿಮೆಯ ಮಾತು ಸಂಕ್ಷಿಪ್ತವಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಒತ್ತಿ ಹೇಳಿದೆ. ಕಂಪನಿಯೇ ಆ ಮಾದರಿಗೆ ಕೊಟ್ಟ ಅಳತೆಯೊಳಗೆ ಉಳಿಯುವುದು ಇದಕ್ಕೂ ಕ್ಷೇಮ. ಮಡ್‌ಗಾರ್ಡಿನಾಚೆ ಚಾಚಿದ ಟೈರು ಸಂಚಾರ ಪೊಲೀಸರ ಕಣ್ಣಿಗೂ ಬೀಳುತ್ತದೆ. ಅಲಾಯ್ ಹಾಕಿದ ಮೇಲೆ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಬಿಲ್ಲು ಕೊಟ್ಟು ಪಾಲಿಸಿಯಲ್ಲಿ ಸೇರಿಸಿ.

50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಅದೇ ಟಾರ್ಕಿಗೆ ಮತ್ತೆ ಬಿಗಿಸಿ. ಹೊಸ ಅಲಾಯ್‌ನ ಪೇಂಟ್ ಅದುಮಿ ನಟ್ಟು ಸ್ವಲ್ಪ ಸಡಿಲವಾಗಿರುತ್ತದೆ. ಹಳೇ ನಟ್ಟು, ಬೋಲ್ಟುಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಡಿಕ್ಕಿಯಲ್ಲಿರುವ ಸ್ಟೀಲ್ ಸ್ಟೆಪ್ನಿಗೆ ಬೇಕಾಗುವುದು ಅವೇ. ಒಂದು ಬಟ್ಟೆ ಚೀಲದಲ್ಲಿ ಕಟ್ಟಿ ಜಾಕಿಯ ಪಕ್ಕದಲ್ಲೇ ಇಡಿ, ಹೊಸ ನಟ್ಟಿಗೆ ಬೇರೆ ಅಳತೆಯ ಪಾನಾ ಬೇಕಿದ್ದರೆ ಅದನ್ನೂ ಅಲ್ಲೇ ಇಡಿ.